ರಾಣಿ ಬಟ್ಟೆ ಒಗೆಯಲು ಹೋದ ವರ್ಷ

ಕೌದಿ ಹಾಸಿದ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇದ್ದದ್ದೇ ಎರಡು ಖೋಲಿ. ಸೊಲ್ಲಾಪುರ ಮುಗಿದು ಕುಂಭಾರಿ ಇನ್ನೂ ಶುರುವಾಗದ ಕಡೆ, ಅಕ್ಕಲಕೋಟ ರಸ್ತೆಗೆ ಬೆನ್ನು ಕೊಟ್ಟು ನಿಂತ ಮನೆ. ಮುಂದಿನ ಖೋಲಿಯ ಶಹಾಬಾದಿ ಕಲ್ಲಿನ ಫರ್ಸಿಯ ಮೇಲೆ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿದರೆ ಗೋಡೆಯಿಂದ ಗೋಡೆಗೆ ಕೌದಿಯೇ. ಬಾಗಿಲ ಕಡೆಯ ಅಂಚಿಗೆ ಆಯಿ, ಅಂದರೆ ನಮ್ಮಪ್ಪನ ತಾಯಿ; ಎದುರಿಗೆ ಅವ್ವ; ಕಿಟಕಿಯ ಬೆಳಕಿಗೆ ನಮ್ಮ ಕಾಶೀಅತ್ತಿ, ಅಪ್ಪನ ಅಕ್ಕ. ಮೂವರೂ ಅಂಚಿನಿಂದ ಹೊಲಿಗೆ ಹಾಕುತ್ತ ಹಾಕುತ್ತ ನಡುವಿಗೆ ಸರಿದು ಬರುತ್ತಿದ್ದರು. ಅಪ್ಪ ಸೊಲ್ಲಾಪುರದ ಪಕ್ಕದ ಚಿಂಚೋಳಿಯ ಕಾರಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಕೈಯಲ್ಲಿ ಡಬ್ಬಿ ಹಿಡಿದು ಬಂದರೆ ಹೊಸ್ತಿಲಲ್ಲೇ ನಿಲ್ಲಬೇಕು. "ದಾರಿ ಬಿಡ್ರೆವಾ, ಹಸಿವ್ಯಾಗೈತಿ" ಎಂದು ಗೋಗರೆದು, ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯುತ್ತ ಅಡಿಗೆ ಮನೆ ಮುಟ್ಟುತ್ತಿದ್ದ. ಕೌದಿ ತುಳಿದರೆ ಆಯಿಯ ಬಾಯಿಂದ ಉಳಿಗಾಲವಿರಲಿಲ್ಲ.

ಆ ಕೌದಿಗೊಂದು ಹೊಟ್ಟೆ ಇರುತ್ತಿತ್ತು. ನಡುವೆ ಅಂಗೈಯಷ್ಟು ಜಾಗವನ್ನು ಹೊಲಿಯದೆ ಬಿಟ್ಟು, ಎಲ್ಲ ಮುಗಿದ ಮೇಲೆ ಅದರೊಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ ಇಟ್ಟು ಬಾಯಿ ಮುಚ್ಚುವುದು ನಮ್ಮ ಮನೆಯ ಪದ್ಧತಿ. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ಹಸಿದಿರುತ್ತದಂತೆ. ಹಾಗೆ ಉಣಿಸದೆ ಕೌದಿ ಮುಗಿಯಿತೆಂದು ಯಾರೂ ಅನ್ನುತ್ತಿರಲಿಲ್ಲ. ಹೊಲಿಯಲೆಂದು ಮಂದಿಯ ಕೌದಿ ಎಷ್ಟೋ ಬಂದವು, ಎಷ್ಟೋ ಹೋದವು. ಒಂದು ಮಾತ್ರ ಹೊಟ್ಟೆ ತೆರೆದುಕೊಂಡೇ ಅತ್ತಿಯ ಟ್ರಂಕಿನ ತಳದಲ್ಲಿ ಮಡಚಿ ಬಿದ್ದಿತ್ತು. ಹಸಿರು ಇಳಕಲ್ ಸೀರೆಯದು. ಅದು ಸುವರ್ಣಾಳದ್ದು.

ಸುವರ್ಣಾ ಅತ್ತಿಯ ಮಗಳು. ಹುಲಜಂತಿಯ ಆಚೆಯ ಒಂದು ಸಣ್ಣ ಊರಿಗೆ ಅತ್ತಿಯನ್ನು ಕೊಟ್ಟಿದ್ದರು. ಗಂಡು ಹುಟ್ಟಲಿಲ್ಲವೆಂದು ಗಂಡ ಎರಡನೆಯವಳನ್ನು ತಂದ. ಅತ್ತಿ ಒಂದು ಮಾತು ಜೋರಾಗಿ ಆಡಿದ್ದಕ್ಕೆ ಅವಳನ್ನು ತವರಿಗೆ ಅಟ್ಟಿ, ಮೂರು ವರ್ಷದ ಕೂಸನ್ನು ಅಲ್ಲೇ ಇಟ್ಟುಕೊಂಡ. ಆವಾಗ ನಾನು ಅಂಬೆಗಾಲಿಡುತ್ತಿದ್ದೆ. "ಹೋಗಿ ಕೂಸಿನ್ನ ನೋಡಿಕೊಂಡರ ಬರೂಣ ನಡಿ ಅಕ್ಕಾ" ಎಂದು ಅಪ್ಪ ವರ್ಷಕ್ಕೆರಡು ಸಲ ಅನ್ನುತ್ತಿದ್ದ. ಅತ್ತಿಯ ಉತ್ತರ ಒಂದೇ:

"ಹೊರಗ ಹಾಕಿದ ಬಾಗಲಕ್ಕ ನಾ ಹೋಗಂಗಿಲ್ಲ. ಅಕಿ ದೊಡ್ಡಾಕಿ ಆದ್ಲಂದ್ರ ತಾನ ಬರತಾಳ."

ಇಂಥ ಮನೆಯೊಳಗೆ 'ಸಪ್ತಗಡ' ಬಂತು. ಅದು ಮರಾಠಿಯ ದೊಡ್ಡ ಅದ್ಭುತ ಕತೆ. ಏಳು ಭಾಗ ಬಂದಿತ್ತು, ಎಂಟನೆಯದರಲ್ಲಿ ಮುಗಿಯುವುದಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಖೋಲಿಯ ವಾಚನಾಲಯ ಇಟ್ಟಿದ್ದ ಕಾಕಾ, ಒಂದು ಭಾಗ ತಿರುಗಿಸಿ ಕೊಟ್ಟರೆ ಇನ್ನೊಂದು ಕೊಡುತ್ತಿದ್ದರು. ನಾನು ನಾಲ್ಕನೆಯವರೆಗೆ ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ಕಲಿತು, ಅಪ್ಪನಿಗೆ ನೌಕರಿ ಸಿಕ್ಕ ಮೇಲೆ ಇಲ್ಲಿ ಮರಾಠಿ ಸಾಲೆಗೆ ಬಿದ್ದವಳು. ಮನೆಯ ಹೆಂಗಸರಿಗೆ ಸಂತೆಯ ಮರಾಠಿ ತಿಳಿಯುತ್ತಿತ್ತು, ಪುಸ್ತಕದ್ದು ತಲೆಗೆ ಹೋಗುತ್ತಿರಲಿಲ್ಲ. ಹೀಗಾಗಿ ಹನ್ನೊಂದರ ವಯಸ್ಸಿಗೆ ನನಗೊಂದು ದೊಡ್ಡ ಅಧಿಕಾರ ಸಿಕ್ಕಿತು. ಮಧ್ಯಾಹ್ನ ಸಾಲೆ ಬಿಟ್ಟು ಬಂದು, ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತು, ಒಂದೊಂದೇ ಪುಟ ಓದಿಕೊಂಡು ಕನ್ನಡದಲ್ಲಿ ಹೇಳುವುದು. ಮೂರು ಸೂಜಿಗಳು ನನ್ನ ಬಾಯಿಯ ಗತಿಗೆ ಓಡುತ್ತಿದ್ದವು. ಕಾಳಗ ಬಂದರೆ ಹೊಲಿಗೆ ದೊಡ್ಡದಾಗುತ್ತಿತ್ತು. ಆಮೇಲೆ ಆಯಿ ಬೈಯುತ್ತ ಬಿಚ್ಚುತ್ತಿದ್ದಳು.

ಕತೆ ಇಷ್ಟು. ಏಳು ಗಡಗಳ, ಅಂದರೆ ಏಳು ಕೋಟೆಗಳ ನಾಡಿನಿಂದ ವಜ್ರಸೇನನೆಂಬ ದುಷ್ಟ ಬೆಂಕಿಯನ್ನೇ ಕದ್ದು ಬಚ್ಚಿಟ್ಟಿದ್ದಾನೆ. ಎಲ್ಲರ ಒಲೆಯೂ ಆರಿದೆ. ಅವನ ಕೈಗೆ ಸಿಗಬಾರದೆಂದು ರಾಣಿ ತನ್ನ ಮೂರು ವರ್ಷದ ಮಗಳು ಇರಾವತಿಯನ್ನು ಭಸ್ಮಾ ಎಂಬ ಬೂದಿಬಣ್ಣದ ಮಹಾಪಕ್ಷಿಯ ಬೆನ್ನಿಗೆ ಕಟ್ಟಿ ದೂರ ಕಳಿಸುತ್ತಾಳೆ. ಮಗಳು ಬೆಂಕಿ ತರುವವರೆಗೆ ಗಡದ ಬಾಗಿಲು ಬಿಟ್ಟು ಏಳುವುದಿಲ್ಲವೆಂದು ಹೊಸ್ತಿಲ ಮೇಲೆ ಕೂತುಬಿಡುತ್ತಾಳೆ. ಮೂರು ವರ್ಷದ ಮಗಳು ಎಂದು ನಾನು ಹೇಳಿದ ದಿನ ಅತ್ತಿಯ ಸೂಜಿ ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಯಿಯ ತಕರಾರು ಮೊದಲ ದಿನವೇ ಶುರುವಾಯಿತು.

"ಬೆಂಕಿನ ಇಲ್ಲಂದ್ರ ಅವರು ರೊಟ್ಟಿ ಹೆಂಗ ಸುಡತಾರ?"

"ಪುಸ್ತಕದಾಗ ಬರದಿಲ್ಲ ಆಯಿ."

"ಬರದಿಲ್ಲ ಅಂದ್ರ? ಏಳು ಗಡದ ಮಂದಿ ಉಪಾಸ ಅದಾರೇನ? ಬರದಾಂವ ಅಡಗಿಮನಿ ಕಂಡಾಂವಲ್ಲ ನೋಡು."

"ನಮ್ಮ ಸೊಲ್ಲಾಪುರದ ಬಿಸಲಾಗ ಇಟ್ರ ತಾವ ಸುಡತಾವ ಬಿಡ ಯವ್ವಾ" ಎಂದ ಅಪ್ಪ, ಗೋಡೆ ಹಿಡಿದು ದಾಟುತ್ತ.

ಐದನೆಯ ಭಾಗ ಮುಗಿಯುವ ಹೊತ್ತಿಗೆ, ಕತೆ ಹೇಗೆ ಮುಗಿಯಬೇಕೆಂಬ ಜಗಳ ನಮ್ಮ ಮನೆಯಲ್ಲಿ ಊಟದಷ್ಟೇ ನಿತ್ಯದ್ದಾಗಿತ್ತು. ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತ ಅಪ್ಪ ಅನ್ನುತ್ತಿದ್ದ, ರಾಜಗಾದಿಯ ಮೇಲೆ ಯಾರೂ ಕೂಡಬಾರದು, ಗಾದಿಯನ್ನೇ ಒಡೆದು ಒಲೆಗೆ ಹಾಕಬೇಕು, ಏಳೂ ಗಡದವರು ಕೂಡಿ ಯೂನಿಯನ್ ಮಾಡಬೇಕು. ಕಾರಖಾನೆಯಲ್ಲಿ ಅವನ ಯೂನಿಯನ್ನು ಆ ವರ್ಷವಷ್ಟೇ ಮುರಿದಿತ್ತು. ಆಯಿಗೆ ಗಾದಿಯ ಗೊಡವೆ ಇರಲಿಲ್ಲ, ವಜ್ರಸೇನನ ಮೇಲೇ ಕಣ್ಣು. "ಕೊಲ್ಲಬಾರದು. ಕೊಂದ್ರ ಒಂದ ದಿನಕ್ಕ ಮುಗೀತು. ಏಳೂ ಗಡದ ಮನಿ ಮನಿಗೆ ನೀರ ಹೊರಸಬೇಕು, ಸಾಯೂತನಕ!" ಅವಳು ಹಾಗೆನ್ನುವಾಗ ಹುಲಜಂತಿ ಕಡೆಯ ಅಳಿಯನ ತಲೆಯ ಮೇಲೇ ಕೊಡ ಇಟ್ಟಿರುತ್ತಿದ್ದಳೆಂದು ನಮಗೆಲ್ಲ ಗೊತ್ತಿತ್ತು. ಅವ್ವನದು ಮಾತು ಕಡಿಮೆ. ಒಂದು ದಿನ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಳಗಿಂದಲೇ ಅಂದಳು:

"ಆ ಹಕ್ಕಿನ ಮೊದಲ ಬಿಡ್ರಿ. ಒಂದನೇ ಭಾಗದಿಂದ ಹೊರಾಕತ್ತೈತಿ. ಬೆನ್ನ ಮ್ಯಾಲಿಂದ ಇಳೀತೀನಿ, ನೀ ಒಂದೀಟ ಕೂಡು ಅಂತ ಒಬ್ಬರರ ಅಂದಾರೇನ ಅದಕ್ಕ?"

ಅಪ್ಪ ಎದ್ದು ಹೋಗಿ ತನ್ನ ತಾಟು ತಾನೇ ತೊಳೆದ.

ಅತ್ತಿಯ ಬೇಡಿಕೆ ಎಲ್ಲಕ್ಕಿಂತ ಸಣ್ಣದು. "ಯಾರರ ಗೆಲ್ಲಲಿ, ಯಾರರ ಆಳಲಿ. ಬೆಂಕಿ ಬಂದ ಮ್ಯಾಲ ಒಲಿ ಹಚ್ಚಿ, ತಾಯಿ ಮಗಳಿಗೆ ಒಂದ ತುತ್ತು ಉಣಸಬೇಕು. ಆಮ್ಯಾಲ ಕತಿ ಎಲ್ಲಿಗರ ಹೋಗಲಿ."

ಆರನೆಯ ಭಾಗದ ನಡುವೆ, ಒಂದು ಎಡಪುಟದ ಕೊನೆಯಲ್ಲಿ, ರಾಣಿ ಸತ್ತಳು. ಗಡದ ಹೊಸ್ತಿಲ ಮೇಲೆ, ಬಾಗಿಲಿಗೆ ತಲೆಯಾನಿಸಿಕೊಂಡು ಕೂತಲ್ಲೇ. ಇರಾವತಿ ಇನ್ನೂ ಮೂರು ಗಡ ದೂರ ಇದ್ದಳು. ನಾನು ಆ ಸಾಲನ್ನು ಎರಡು ಸಲ ಓದಿದೆ. ತಲೆ ಎತ್ತಿದರೆ ಮೂವರೂ ನನ್ನನ್ನೇ ನೋಡುತ್ತಿದ್ದರು. ಅತ್ತಿ ದಾರವನ್ನು ಹಲ್ಲಲ್ಲಿ ಕಡಿದು ಕೇಳಿದಳು:

"ಮುಂದ? ರಾಣಿ ಏನ ಮಾಡಿದ್ಲು?"

ಹೇಳುವ ಧೈರ್ಯವಾಗಲಿಲ್ಲ. ನಾನು ಅತ್ತಿಯ ಬಗಲಲ್ಲಿ ಮಲಗಿ ಬೆಳೆದವಳು. ನಿದ್ದೆಯಲ್ಲಿ ಅವಳು ಯಾರ ಹೆಸರು ಹಿಡಿದು ಕರೆಯುತ್ತಾಳೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ರಾಣಿ ಎದ್ದು... ನದಿಗಿ ಹೋದ್ಲು. ಬಟ್ಟಿ ಒಗ್ಯಾಕ."

"ಅಯ್ಯ ಶಿವನ, ರಾಣಿಗಿ ಬಟ್ಟಿ ಒಗ್ಯಾಕ ಆಳಿಲ್ಲೇನ?" ಎಂದಳು ಆಯಿ.

"ಆಳು ಸೂಟಿ ಮ್ಯಾಲ ಊರಿಗಿ ಹೋಗಿದ್ರು."

ಅವ್ವ ನನ್ನ ಮುಖ ನೋಡಿದಳು. ಅತ್ತಿ ಸೂಜಿಗೆ ದಾರ ಪೋಣಿಸಿಕೊಂಡು, "ಬಟ್ಟಿ ಒಗದು ಬರಲಿ ಪಾಪ, ಮಗಳು ಬರೂ ಹೊತ್ತಿಗೆ ಮಡಿ ಇರಬೇಕಲ್ಲ" ಅಂದಳು.

ಒಂದು ಸುಳ್ಳಿಗೆ ಹತ್ತು ಸುಳ್ಳಿನ ಆಸರೆ ಬೇಕೆನ್ನುವುದು ಸುಳ್ಳಲ್ಲ. ಆರನೆಯದರ ಅರ್ಧ, ಏಳನೆಯದು ಇಡೀ, ನಾನು ಸತ್ತ ರಾಣಿಯನ್ನು ಬದುಕಿಸಿಕೊಂಡು ಬಂದೆ. ಪುಸ್ತಕದಲ್ಲಿ ಇರಾವತಿ ತಾಯಿ ಸತ್ತ ಸುದ್ದಿ ಕೇಳಿ ಅಳುತ್ತಿದ್ದರೆ ನನ್ನ ಕತೆಯಲ್ಲಿ ತಾಯಿ ಬೇಳೆ ಆರಿಸುತ್ತಿದ್ದಳು. ರಾಣಿ ಹಪ್ಪಳ ಒಣಗಿಸಿದಳು, ಗಡದ ಗೋಡೆಗೆ ಸುಣ್ಣ ಬಳಿಸಿದಳು, ಒಮ್ಮೆಯಂತೂ ಕೌದಿ ಹೊಲಿದಳು. ಅತ್ತಿಗೆ ಆ ದಿನ ಎಂಥ ಖುಷಿ! ಎಷ್ಟು ಪದರು, ಯಾವ ಬಣ್ಣ ಎಂದೆಲ್ಲ ಕೇಳಿದಳು. ನಾನೂ ಬೀಗಿದೆ. ಎಂಟನೆಯ ಭಾಗದಲ್ಲಿ ಹೇಗೂ ನನ್ನದೇ ಕೊನೆ ಹೇಳಿದರಾಯಿತೆಂದುಕೊಂಡೆ. ಆದರೆ ಎಂಟನೆಯ ಭಾಗ ಬರಲಿಲ್ಲ. "ಪುಢಚ್ಯಾ ಮಹಿನ್ಯಾತ ಯೇಣಾರ" ಎಂದು ವಾಚನಾಲಯದ ಕಾಕಾ ಪ್ರತಿ ತಿಂಗಳೂ, ಮುಂದಿನ ತಿಂಗಳು ಬರುತ್ತದೆ ಅನ್ನುತ್ತಲೇ ಇದ್ದರು.

ಆ ದೀಪಾವಳಿಗೆ ಅಪ್ಪ ಎಂದಿನಂತೆ, "ನಡಿ ಅಕ್ಕಾ, ಸುವರ್ಣಾನ ನೋಡಿ ಬರೂಣ" ಅಂದ. ಅತ್ತಿ ನಕ್ಕು ಹೇಳಿದ ಮಾತು ನನ್ನ ಎದೆಗೆ ಕಲ್ಲಿನಂತೆ ಬಿತ್ತು.

"ರಾಣಿ ಕೂತಿಲ್ಲೇನೋ? ಅಷ್ಟ ವರ್ಷ ಆದ್ರೂ ಗಟ್ಟಿ ಅದಾಳ. ಮಗಳು ಬರಾಕತ್ತಾಳಲ್ಲ. ನಂದೂ ಬರತಾಳ."

ನಾನು ಅಡಿಗೆ ಮನೆಗೆ ಹೋಗಿ ಸುಮ್ಮನೆ ನೀರು ಕುಡಿದೆ. ಹೇಳಬೇಕೆಂದು ನಾಲ್ಕಾರು ಸಲ ಬಾಯಿ ತೆರೆದೆ, ಆಗಲಿಲ್ಲ. ಪುಕ್ಕಲಿ ನಾನು. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ.

ಹೇಳಿದವರು ಪಕ್ಕದ ಮನೆಯ ಶೋಭಾ ಕಾಕು. ಅವರು ಮರಾಠಿಯವರು, ನಮ್ಮ ಕನ್ನಡ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಸೂಜಿ ಕೇಳಲು ಬಂದವರು ಬಾಗಿಲಲ್ಲೇ ಕೂತು ನಮ್ಮ ಜಗಳ ಕೇಳಿಸಿಕೊಂಡರು. ರಾಣಿ ಮಗಳಿಗೆ ಮೊದಲು ಏನು ಮಾಡಿ ಬಡಿಸಬೇಕು, ಹೋಳಿಗೆಯೋ ಮಾದಲಿಯೋ ಎಂದು ನಡೆದಿತ್ತು. ಕಾಕು ಹಣೆ ಗಂಟಿಕ್ಕಿ, "ಅಹೋ, ರಾಣಿ ತರ ಸಹಾವ್ಯಾ ಭಾಗಾತಚ ಮೇಲಿ ಕೀ!" ಎಂದುಬಿಟ್ಟರು. ಆರನೆಯ ಭಾಗದಲ್ಲೇ ಸತ್ತಳಲ್ಲ! ಅಷ್ಟು ಮರಾಠಿ ಆಯಿಗೂ ತಿಳಿಯುತ್ತಿತ್ತು.

ಅತ್ತಿ ತಲೆ ಎತ್ತದೆ, ಹೊಲಿಗೆ ತಪ್ಪಿಸದೆ ಹೇಳಿದಳು: "ನಿಮ್ಮ ಪುಸ್ತಕದಾಗ ಸತ್ತಿರಬೇಕ್ರಿ ಕಾಕು. ನಮ್ಮ ಪುಸ್ತಕದಾಗ ಗಟ್ಟಿ ಅದಾಳ."

ಕಾಕು ಹೋದ ಮೇಲೆ ಆಯಿ ನನ್ನ ಮೇಲೆ ಹರಿಹಾಯ್ದಳು. "ವರ್ಷಾನಗಟ್ಲೆ ಹೆಣಾ ಕುಣಿಸಿದೇನ ನಮ್ಮ ಮುಂದ? ಸಾಲಿ ಕಲಿಸಿದ್ದು ಇದಕ್ಕೇನ?" ನಾನು ಅಳುತ್ತ ಹೊಸ್ತಿಲಲ್ಲೇ ಕೂತೆ. ಅತ್ತಿ ಬೈಯಲಿಲ್ಲ. ಕೌದಿ ಮಡಚಿಟ್ಟು, "ನಾಳೆ ಆ ಆರನೇದ್ದು ತಗೊಂಡು ಬಾ" ಅಂದಳು.

ಮರುದಿನ ಮೂಲೆಯಲ್ಲಿ ನಾವಿಬ್ಬರೇ ಕೂತೆವು. ಅತ್ತಿ ಪುಟದ ಮೇಲೆ ಬೆರಳಿಟ್ಟಳು. ಓದಲು ಬಾರದ ಬೆರಳು.

"ಇದ್ದದ್ದು ಹೇಳು. ಒಂದ ಅಕ್ಷರ ಬಿಡಬ್ಯಾಡ."

ಹೇಳಿದೆ. ಬಾಗಿಲಿಗೆ ಆನಿಸಿದ ತಲೆ, ಬಿಳಿಯಾದ ಕೂದಲು, ತೆರೆದೇ ಇದ್ದ ಕಣ್ಣು, ಎಲ್ಲ. ಅತ್ತಿ ಪುಟದ ಮೇಲಿನ ಬೆರಳು ತೆಗೆದಳು.

"ಬಟ್ಟಿ ಒಗ್ಯಾಕ ಹೋದ ದಿನಾನ ನನಗ ಸಂಶೆ ಬಂದಿತ್ತವಾ. ಆದ್ರ ನೀ ಹೇಳೂದು ಛಲೋ ಅನಸ್ತಿತ್ತು. ಸುಮ್ಮ ಕೇಳಿದೆ." ಆಮೇಲೆ ಕೇಳಿದಳು, "ಎಷ್ಟ ವರ್ಷ ಕೂತಿದ್ಲು?"

"ಹನ್ನೆರಡು."

"ನಂದು ಹನ್ನೊಂದಾತು."

ಎದ್ದು ಟ್ರಂಕು ತೆಗೆದು ಹಸಿರು ಕೌದಿ ಹೊರಗೆ ತೆಗೆದಳು. ಅಪ್ಪ ತಾನೂ ಬರುತ್ತೇನೆಂದ. "ನೀ ಬಂದ್ರ ಜಗಳ ಆಗತೈತಿ. ಕಸ್ತೂರಿ ಬರಲಿ" ಅಂದಳು. ಕಸ್ತೂರಿ ಅಂದರೆ ನಾನು. ಮರುದಿನ ಬೆಳಗಿನ ಎಸ್ಟಿ ಬಸ್ಸು ಹಿಡಿದು ಮಂಗಳವೇಢೆ, ಅಲ್ಲಿಂದ ಹುಲಜಂತಿ, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ಕೌದಿಯ ಗಂಟು ಅತ್ತಿಯ ತೊಡೆಯ ಮೇಲಿತ್ತು.

ಬಾಗಿಲಿಗೆ ಬಂದದ್ದು ಎರಡನೆಯ ಹೆಂಡತಿ. ಬಡಕಲು ಹೆಂಗಸು, ಕೈತುಂಬ ಜೋಳದ ಹಿಟ್ಟು. ಗಂಡ ಹೊಲಕ್ಕೆ ಹೋಗಿದ್ದನಂತೆ. "ಯಾರು ಬೇಕ್ರಿ?" ಅಂದಳು. "ನಾ ಕಾಶೀಬಾಯಿ." ಆಕೆ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. ನಾನು ಬೈಗುಳಕ್ಕೆ ಸಿದ್ಧಳಾದೆ. ಆಕೆ ಪಕ್ಕಕ್ಕೆ ಸರಿದು, "ಒಳಗ ಬರ್ರಿ ಅಕ್ಕಾ" ಎಂದು ಹಿತ್ತಲ ಕಡೆ ತಿರುಗಿ ಕೂಗಿದಳು.

ಸುವರ್ಣಾ ಕೊಡ ಹೊತ್ತು ಬಂದಳು. ನನಗಿಂತ ಎತ್ತರ, ಅತ್ತಿಯದೇ ಮೂಗು. "ಯಾರಿವರು?" ಎಂದಳು. ಅತ್ತಿ ನನ್ನ ಕಡೆ ನೋಡಿದಳು. ಈ ಸಲ ನಾನು ಏನನ್ನೂ ಕಟ್ಟಲಿಲ್ಲ.

"ನಿಮ್ಮ ಅವ್ವ" ಅಂದೆ.

ಹುಡುಗಿ ಕೊಡ ಇಳಿಸಿದಳು. ಓಡಿ ಬಂದು ತಬ್ಬಿಕೊಳ್ಳಲಿಲ್ಲ. ಗೋಡೆಗೆ ಒರಗಿ ನಿಂತು ಅತ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈಗ ಯಾಕ ಬಂದ್ರಿ? ಸಣ್ಣಾಕಿದ್ದಾಗ ದಿನಾ ಎಸ್ಟಿ ಬರೂ ಹೊತ್ತಿಗೆ ಊರ ಅಗಸಿಗೆ ಹೋಗಿ ನಿಂದರತಿದ್ದೆ ನಾನು. ನನಗ ದಾರಿ ಗೊತ್ತಿತ್ತೇನ? ನಿಮಗ ಗೊತ್ತಿತ್ತು. ನೀವ ಬರಬೇಕಿತ್ತು."

"ಹೌದವಾ" ಎಂದಳು ಅತ್ತಿ. "ನಾನ ಬರಬೇಕಿತ್ತು."

ಅಷ್ಟೇ. ಒಂದು ಸಬೂಬೂ ಹೇಳಲಿಲ್ಲ. ಆ ಹನ್ನೊಂದರಲ್ಲಿ ಒಂದು ವರ್ಷ ನನ್ನದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಅತ್ತಿ ಗಂಟು ಬಿಚ್ಚಿ ಕೌದಿ ಹಾಸಿದಳು, ನಡುವಿನ ತೆರೆದ ಹೊಟ್ಟೆ ತೋರಿಸಿ, "ಮೂರು ವರ್ಷದಾಕಿ ಇದ್ದಾಗ ಸುರು ಮಾಡಿದ್ದು. ಇದಕ್ಕ ಒಂದ ಚೂರ ರೊಟ್ಟಿ ಬೇಕು" ಅಂದಳು. ಸುವರ್ಣಾ ಅಲ್ಲಾಡಲಿಲ್ಲ. ಒಳಗಿಂದ ಆ ಬಡಕಲು ಹೆಂಗಸೇ ಬಂದು, ಹಂಚಿನ ಮೇಲಿಂದ ಆಗಷ್ಟೇ ತೆಗೆದ ರೊಟ್ಟಿ ಮುರಿದು ಹುಡುಗಿಯ ಕೈಗಿಟ್ಟು, "ಇಡವಾ, ತಾಯಿ ಕೇಳಾಕತ್ತಾಳ" ಅಂದಳು. ಸುವರ್ಣಾ ಕೂತಳು. ರೊಟ್ಟಿಯ ಚೂರು ಇಟ್ಟಳು. ಅತ್ತಿ ದಾರ ಪೋಣಿಸಿದ ಸೂಜಿ ಕೊಟ್ಟಳು. ಹುಡುಗಿಗೆ ಹೊಲಿಯಲು ಬರುತ್ತಿರಲಿಲ್ಲ. ಹಾವು ಹರಿದಂತೆ ಸೊಟ್ಟಗೆ ಹೊಲಿದಳು. ಕಣ್ಣೀರಿಗೆ ಸೂಜಿ ಕಾಣದೆ ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು. ಉಳಿದ ರೊಟ್ಟಿಯನ್ನು ಅತ್ತಿ ಮುರಿದು ಅವಳ ಬಾಯಿಗಿಟ್ಟಳು. ಆ ಮನೆಯ ಚಟ್ನಿ ಖಾರವಾಗಿತ್ತು, ನಾವೆಲ್ಲ ಅದರ ನೆವ ಮಾಡಿ ಅತ್ತೆವು.

ಸುವರ್ಣಾ ಅಂದು ನಮ್ಮೊಡನೆ ಬರಲಿಲ್ಲ. ಎರಡು ವರ್ಷದ ಮೇಲೆ ಬಂದಳು, ಕೌದಿಯ ಗಂಟು ಹೊತ್ತುಕೊಂಡು. ಈಗ ಅಕ್ಕಲಕೋಟದಲ್ಲಿ ಅಂಗನವಾಡಿ ನಡೆಸುತ್ತಾಳೆ, ಅತ್ತಿ ಅವಳ ಮನೆಯಲ್ಲೇ ಇದ್ದಾಳೆ. ನಾನು ನ್ಯಾಯಾಲಯದಲ್ಲಿ ದುಭಾಷಿಯಾದೆ. ಕನ್ನಡವೊಂದೇ ಬಲ್ಲ ಹೆಂಗಸರು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಮರಾಠಿಯಲ್ಲಿ ಹೇಳುವುದು ನನ್ನ ಕೆಲಸ. ಅಳುವ ಹೆಂಗಸಿನ ಎದುರು ಕೆಟ್ಟ ಮಾತನ್ನು ಮೆತ್ತಗೆ ಮಾಡಬೇಕೆಂದು ಈಗಲೂ ನಾಲಿಗೆ ತುಡಿಯುತ್ತದೆ. ಆಗ ಪುಟದ ಮೇಲಿನ ಆ ಬೆರಳು ನೆನಪಾಗುತ್ತದೆ, ಇದ್ದದ್ದನ್ನೇ ಹೇಳುತ್ತೇನೆ.

ಎಂಟನೆಯ ಭಾಗ ಮೊನ್ನೆ ಮೊನ್ನೆ ಬಂತು. ಬರೆದವರು ತೀರಿಕೊಂಡಿದ್ದರು, ಇನ್ಯಾರೋ ಮುಗಿಸಿದ್ದರು. ವಾಚನಾಲಯವಿದ್ದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಆಯಿ, ಅಪ್ಪ, ಅವ್ವ ಯಾರೂ ಉಳಿದಿಲ್ಲ. ಯೂನಿಯನ್ನು ಆಯಿತೇ, ನೀರು ಹೊರಿಸಿದರೇ, ಹಕ್ಕಿಯನ್ನು ಬಿಟ್ಟರೇ ಎಂದು ಕೇಳುವವರಿಲ್ಲ. ಪುಸ್ತಕ ಹಿಡಿದು ಅಕ್ಕಲಕೋಟಕ್ಕೆ ಹೋದೆ. ಅತ್ತಿ ಹಸಿರು ಕೌದಿ ಹೊದ್ದು ಮಂಚದ ಮೇಲೆ ಕೂತಿದ್ದಳು. ಬಣ್ಣ ಹೋಗಿದೆ, ನಡುವಿನ ಸೊಟ್ಟ ಹೊಲಿಗೆ ಗಟ್ಟಿಯಾಗಿದೆ.

"ಬರದಂಗ ಹೇಳತಿಯೋ, ನಿನ್ನ ಕತಿ ಹೇಳತಿಯೋ?" ಎಂದಳು ನಗುತ್ತ. ಹಲ್ಲಿಲ್ಲದ ಬಾಯಿ.

"ಬರದಂಗ."

ಮಧ್ಯಾಹ್ನವಿಡೀ ಹೇಳಿದೆ. ಇರಾವತಿ ವಜ್ರಸೇನನನ್ನು ಕೊಂದಳು, ಬೆಂಕಿ ತಂದಳು, ಏಳು ಗಡದ ಬುರುಜುಗಳ ಮೇಲೆ ಪಂಜು ಉರಿದವು, ನಗಾರಿ ಬಾರಿಸಿದರು, ಅವಳು ಗಾದಿಯ ಮೇಲೆ ಕೂತಳು. ಮುಗಿಯಿತು. ಪುಸ್ತಕ ಮುಚ್ಚಿದೆ.

"ಒಲಿ ಹಚ್ಚಲಿಲ್ಲ?"

"ಇಲ್ಲ ಅತ್ತಿ."

"ಯಾರೂ ಉಣಲಿಲ್ಲ?"

"ಇಲ್ಲ."

ಅತ್ತಿ ಕೌದಿ ಸರಿಸಿ ಕಾಲು ಕೆಳಗೆ ಬಿಟ್ಟಳು.

"ಹಂಗಾದ್ರ ಇನ್ನಾ ಮುಗದಿಲ್ಲ ಬಿಡು" ಎಂದವಳು ಒಳಗಿನ ಕಡೆ ಮುಖ ಮಾಡಿ ಕೂಗಿದಳು, "ಸುವರ್ಣಾ, ಕಸ್ತೂರಿ ಮಧ್ಯಾನದಿಂದ ಓದಿ ಓದಿ ಹಸದಾಳ. ತಾಟ ಹಚ್ಚವಾ, ಮೂವರೂ ಕೂಡಿ ಉಣ್ಣೂಣ."